ಜಿರಾಫೆಯ ಬಾಗಿಲಿಗೆ ಕಟ್ಟಿದ ಕಂಬಳಿ

ನವೆಂಬರ್ ೧೮, ಬೆಳಿಗ್ಗೆ ೯.೫೦

ಗಂಗಾ — ನಿಂತಿದ್ದಾಳೆ. ಪ್ರತಾಪ — ನಿಂತಿದ್ದಾನೆ. ಹತ್ತು ನಿಮಿಷದ ಹಿಂದೆಯೂ ನಿಂತಿದ್ದರು. ಅದರ ಹಿಂದಿನ ಹತ್ತು ನಿಮಿಷವೂ. ಇದನ್ನು ಬರೆಯಲಿಕ್ಕೆ ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ.

ಕೆಲಸ ಸರಳ. ಕಲಘಟಗಿ ಹಾದಿಯ ಈ ಪಾರ್ಕಿನಲ್ಲಿ ಎರಡು ಜಿರಾಫೆ. ಚಳಿಗಾಲದಲ್ಲಿ ದಿನವಿಡೀ ಏನು ಮಾಡುತ್ತವೆ ಅಂತ ಹತ್ತು ನಿಮಿಷಕ್ಕೊಮ್ಮೆ ಹಾಳೆಯಲ್ಲಿ ಟಿಕ್ ಹಾಕಬೇಕು. ತಿನ್ನುವುದು, ಕುಡಿಯುವುದು, ಮೆಲುಕು, ನಿಲ್ಲುವುದು, ನಡೆಯುವುದು, ಕಂಬಿ ನೆಕ್ಕುವುದು, ಗಂಡು ಹೆಣ್ಣನ್ನು ಮೂಸುವುದು. ಕೆಳಗೆ ‘ವಿಶೇಷ’ ಅಂತ ಒಂದು ಉದ್ದ ಗೆರೆ. ಅದರಲ್ಲಿ ದಿನಾ ‘ಏನೂ ಇಲ್ಲ’ ಅಂತ ಬರೆಯುತ್ತೇನೆ.

ಹಾಳೆ ಆಫೀಸಿಗೆ ಹೋಗುತ್ತದೆ. ಈ ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇರುತ್ತದೆ. ಬೇಜಾರಾದಾಗ ಬರೆಯಲಿಕ್ಕೆ.

ಇವತ್ತು ಇವುಗಳನ್ನು ಸಾಕುವ ಹುಲಿಗೆಪ್ಪ ಕಾಕಾನಿಗೂ ಒಂದು ಹಾಳೆ ಮಾಡಿದೆ. ೧೦.೪೦ — ಮೆಲುಕು (ಎಲೆ ಅಡಿಕೆ). ೧೦.೫೦ — ಮೆಲುಕು. ೧೧.೦೦ — ನಡೆಯುವುದು, ಉಗುಳಲಿಕ್ಕೆ. ೧೧.೧೦ — ಮೆಲುಕು. ಜಿರಾಫೆಗಿಂತ ಜಾಸ್ತಿ ಟಿಕ್ ಬಿದ್ದವು. ತೋರಿಸಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಮನೆಗೆ ಹೋಗಿ ಕಾಕೂಗೆ ತೋರಿಸುತ್ತಾರಂತೆ.


ನವೆಂಬರ್ ೨೩

ಥಂಡಿ ಶುರುವಾಯಿತು. ಬಸ್ಸಿಳಿದು ಒಳಗೆ ಬರುವಷ್ಟರಲ್ಲಿ ಮೂಗು ನನ್ನದಲ್ಲ ಅನ್ನಿಸಿತ್ತು.

ಅವುಗಳ ಮನೆಯ ಬಾಗಿಲು ಒಂಬತ್ತೂವರೆ ತನಕ ತೆರೆಯುವಂತಿಲ್ಲ. ನೆಲದ ಇಬ್ಬನಿ ಆರಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಅಷ್ಟುದ್ದದ ಕಾಲು ಜಾರಿದರೆ ಎತ್ತಿ ನಿಲ್ಲಿಸುವವರು ಯಾರು? ಕಾಕಾ ನೀರು ಬೆಚ್ಚಗೆ ಮಾಡಿ ಇಡುತ್ತಾರೆ. ಗಂಗಾ ಮುಂಗಾಲು ಎರಡೂ ಅಗಲಿಸಿ, ಬಗ್ಗಿ, ಒಂದು ಗುಟುಕು ಕುಡಿದು, ಮತ್ತೆ ಎದ್ದು ನಾಲ್ಕು ಕಡೆ ನೋಡಿ, ಮತ್ತೆ ಬಗ್ಗಿ… ಒಂದು ಬಕೆಟ್ ನೀರಿಗೆ ಇಪ್ಪತ್ತು ನಿಮಿಷ. ಎರಡು ಟಿಕ್ಕು.

ಬಿಸಿಲು ಬಂದ ಕೂಡಲೇ ಇಬ್ಬರೂ ಪಕ್ಕೆಯನ್ನು ಸೂರ್ಯನಿಗೆ ಕೊಟ್ಟು ನಿಲ್ಲುತ್ತಾರೆ. ಮೆಲುಕಿನ ಉಂಡೆ ಹೊಟ್ಟೆಯಿಂದ ಕುತ್ತಿಗೆ ಹತ್ತಿ ಮೇಲೆ ಹೋಗುವುದು ಹೊರಗಿನಿಂದಲೇ ಕಾಣುತ್ತದೆ. ಲಿಫ್ಟ್ ನೋಡುವ ಹಾಗೆ ನೋಡುತ್ತಾ ಕೂಡುತ್ತೇನೆ. ಕೆಳಗೆ ಇಳಿಯಿತು… ಮತ್ತೊಂದು ಹತ್ತಿತು… ಎಷ್ಟು ನೋಡಿದರೂ ಸಾಕೆನಿಸುವುದಿಲ್ಲ.

ಗಂಗಾ ನನ್ನ ಉಣ್ಣೆ ಟೊಪ್ಪಿಗೆ ಎಳೆದುಕೊಂಡಳು. ಒಂದೂವರೆ ಅಡಿ ನಾಲಿಗೆ, ನೇರಳೆ ಹಣ್ಣು ತಿಂದವರ ಬಣ್ಣ. ಚಪ್ಪರಿಸಿ ನೋಡಿ, ಬೇಡವೆನಿಸಿ, ಪ್ರತಾಪನ ಮುಂದೆ ಉಗುಳಿದಳು. ಅವನು ಆ ಟೊಪ್ಪಿಗೆಗೆ ಹೆದರಿ ಮಧ್ಯಾಹ್ನದವರೆಗೆ ಆ ಮೂಲೆಗೆ ಹೋಗಲಿಲ್ಲ. ಹದಿನಾರು ಅಡಿ ಗಂಡಸು!


ಡಿಸೆಂಬರ್ ೪

ಬರೆಯಬಾರದು. ಆದರೂ… ಯಾರೂ ಓದುವುದಿಲ್ಲವಲ್ಲ.

ಗಂಗಾಳ ಹೊಟ್ಟೆ ಎಡಕ್ಕಿಂತ ಬಲಕ್ಕೆ ಜಾಸ್ತಿ ಇಳಿದಿದೆ. ನಡೆಯುವಾಗ ಹಿಂಗಾಲು ಸ್ವಲ್ಪ ಅಗಲ ಇಡುತ್ತಾಳೆ. ಬಿಸಿಲಿಗೆ ನಿಂತಾಗ ಪ್ರತಾಪ ಹತ್ತಿರ ಬಂದರೆ ಕುತ್ತಿಗೆಯಿಂದ ತಳ್ಳುತ್ತಾಳೆ. ನಾನು ಯರಗುಪ್ಪಿಯ ಕುರಿಗಾರ ಅಮೋಘಸಿದ್ದಪ್ಪನ ಮಗಳು. ಇನ್ನೂರು ಕುರಿಗಳ ನಡುವೆ ಬೆಳೆದವಳು. ಇಂಥ ಹೊಟ್ಟೆ ಗೊತ್ತಾಗದಿದ್ದರೆ ಹೇಗೆ?

ಆದರೆ ನಮ್ಮ ಮನೆಯಲ್ಲಿ ಕೆಚ್ಚಲು ಕಾಣುವವರೆಗೆ ಯಾವ ಕುರಿ ಗಬ್ಬ ಅಂತ ಬಾಯಿ ಬಿಡುವಂತಿಲ್ಲ. ಹೊರಗಿನವರ ಮುಂದಂತೂ ಇಲ್ಲವೇ ಇಲ್ಲ. ಒಂಬತ್ತು ವರ್ಷದವಳಿದ್ದಾಗ ಕುಂದಗೋಳದ ಸಂತೆಯಲ್ಲಿ ನಾನು ನಮ್ಮ ಬಿಳಿ ಕುರಿಯ ಸುದ್ದಿ ಎಲ್ಲರೆದುರು ಕೂಗಿ ಹೇಳಿದ್ದೆ. ಎಂಟನೇ ದಿನಕ್ಕೆ ಅದು ಕಂದು ಹಾಕಿತು. ಎರಡು ಮರಿ, ಎರಡೂ ಸತ್ತೇ ಬಿದ್ದವು. ಅವ್ವ ನನ್ನನ್ನು ಬೈಯಲಿಲ್ಲ. ಅವತ್ತಿನಿಂದ ನನ್ನ ಮುಂದೆ ಕುರಿಯ ಮಾತೇ ಆಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಓದಿದವಳು ನಾನು. ಮಾತಿಗೆ ಗರ್ಭ ಇಳಿಯುವುದಿಲ್ಲ ಅಂತ ಗೊತ್ತು. ಆದರೂ ‘ವಿಶೇಷ’ದ ಗೆರೆಯ ಮೇಲೆ ಪೆನ್ನು ಇಟ್ಟೆ, ತೆಗೆದೆ.

ವಿಶೇಷ — ಏನೂ ಇಲ್ಲ.


ಡಿಸೆಂಬರ್ ೨೧, ಭಾನುವಾರ

ಅಪ್ಪ ಬಂದಿದ್ದರು! ಎಳ್ಳಮಾವಾಸ್ಯೆಯ ಬುತ್ತಿ ಹೊತ್ತುಕೊಂಡು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಒಂದು ಚೀಲ ಸುಲಗಾಯಿ, ಹಸಿ ಕಡಲೆ. ಹೊಸ ಕರಿ ಕಂಬಳಿ ಹೊದ್ದಿದ್ದರು. ಚಳಿ ಅಂತ ನಾನೂ ಒಂದಿಷ್ಟು ಹೊತ್ತು ಹೊದ್ದುಕೊಂಡೆ. ಹೊಸ ಉಣ್ಣೆಯ ಆ ವಾಸನೆ… ಮನೆಗೆ ಹೋಗಿ ಬಂದ ಹಾಗಾಯಿತು.

ಕಾಕಾ ಮತ್ತು ಅಪ್ಪ ಒಂದೇ ನಿಮಿಷದಲ್ಲಿ ದೋಸ್ತರಾದರು. ಎಲೆ ಅಡಿಕೆ ಕೈ ಬದಲಾಯಿತು. ಆಮೇಲೆ ಅಪ್ಪ ಕಟ್ಟೆಯ ಮೇಲೆ ಕೂತು ಗಂಗಾಳನ್ನು ನೋಡತೊಡಗಿದರು. ಒಂದು ತಾಸು. ಪ್ರತಾಪನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಷ್ಟು ಎತ್ತರದ ಪ್ರಾಣಿಗೆ ಅಷ್ಟು ಅವಮಾನ ಹಿಂದೆ ಯಾರೂ ಮಾಡಿರಲಿಕ್ಕಿಲ್ಲ.

ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಹೊರಡುವಾಗ ಕಂಬಳಿ ಮಡಚಿ ನನ್ನ ಕೈಗೆ ಕೊಟ್ಟರು.

"ಇದು ಇಲ್ಲೇ ಇರ್ಲಿ. ಆಕಿ ಮನಿ ಬಾಗಲಕ ಕಟ್ಟು. ಗಾಳಿ ಬಡೀಬಾರ್ದು ಆಕೀಗೆ."

ಬಸ್ಸು ಹತ್ತಿಸಿ ಬಂದು ಬಿಚ್ಚಿ ನೋಡಿದರೆ, ಕಂಬಳಿಯ ಕುಚ್ಚಿನಲ್ಲಿ ಒಂದು ಗಂಟು. ಬೆಳಿಗ್ಗೆ ನಾನು ಹೊದ್ದಾಗ ಒಂದೂ ಇರಲಿಲ್ಲ.

ನಮ್ಮಲ್ಲಿ ಗಬ್ಬದ ಕುರಿ ಒಂದಕ್ಕೆ ಅಪ್ಪನ ಕಂಬಳಿಯ ಕುಚ್ಚಿನಲ್ಲಿ ಒಂದು ಗಂಟು ಬೀಳುತ್ತದೆ. ಅದು ಈದು, ಮರಿ ಎದ್ದು ಮೊಲೆ ಹಿಡಿದ ಮೇಲೆಯೇ ಬಿಚ್ಚುವುದು.

ನನ್ನ ಕಣ್ಣು ಸುಳ್ಳಲ್ಲ. ಖುಷಿಗೆ ಉಳಿದ ಮೂರು ಹೋಳಿಗೆಯನ್ನೂ ಒಬ್ಬಳೇ ತಿಂದೆ.


ಡಿಸೆಂಬರ್ ೨೪

ಕಂಬಳಿ ಕಟ್ಟಿ ಎರಡು ದಿನ. ಪ್ರತಾಪ ಬಾಗಿಲು ದಾಟಲು ತಯಾರಿಲ್ಲ. ಕರಿ ಕಂಬಳಿ ಅಂದರೆ ಅವನಿಗೆ ದೆವ್ವ. ಕಾಕಾ ಹಲಸಿನ ಸೊಪ್ಪು ತೋರಿಸಿದರು, ಜಾಲಿಯ ಟೊಂಗೆ ತೋರಿಸಿದರು, ಕೈ ಮುಗಿದರು. ಕೊನೆಗೆ ಗಂಗಾ ಬಂದು ಕಂಬಳಿಯನ್ನು ನಾಲ್ಕು ಸಲ ನೆಕ್ಕಿ, ಅದಕ್ಕೇ ಕುತ್ತಿಗೆ ತಿಕ್ಕಿಕೊಂಡು, ರಾಣಿಯ ಹಾಗೆ ಒಳಗೆ ಹೋದಳು. ಅವನು ಹಿಂದೆಯೇ ತಲೆ ತಗ್ಗಿಸಿ ಹೋದ.

ಗಂಡು ಹೆಣ್ಣನ್ನು ಮೂಸುವುದು — ಇವತ್ತೂ ಸೊನ್ನೆ. ಆರು ವಾರದಿಂದ ಸೊನ್ನೆ. ಸಹಜ. ಗಬ್ಬದ ಕುರಿಯ ಹತ್ತಿರ ಟಗರು ಸುಳಿಯುತ್ತದೆಯೇ?


ಜನವರಿ ೯, ಮಧ್ಯಾಹ್ನ

ಆಫೀಸಿನಿಂದ ಈಗಷ್ಟೇ ಬಂದೆ.

ಪಾರ್ಕಿನ ಮ್ಯಾನೇಜರ್ ಸುಭಾಸ ಸರ್ ಕರೆದಿದ್ದರು. ಒಳ್ಳೆಯವರು, ಎದುರಿಗೆ ನನ್ನ ಹಾಳೆಗಳನ್ನು ನೀಟಾಗಿ ಫೈಲ್ ಮಾಡಿ ಇಟ್ಟುಕೊಂಡಿದ್ದರು. ಹೊಗಳಿದರು. ಆಮೇಲೆ ಹೇಳಿದರು — ಇಬ್ಬರನ್ನೂ ಒಂದೇ ಅಂಗಳದಲ್ಲಿ ಬಿಟ್ಟು ಒಂದು ವರ್ಷವಾಯಿತು, ಪ್ರತಾಪ ಅವಳನ್ನು ಮೂಸಿಯೂ ನೋಡುತ್ತಿಲ್ಲ. ಗಂಗಾ ಗೊಡ್ಡು ಇರಬೇಕು. ಬೇರೆ ರಾಜ್ಯದ ಒಂದು ಪಾರ್ಕಿನವರು ಅದಲು ಬದಲಿಗೆ ಒಪ್ಪಿದ್ದಾರೆ. ಜನವರಿ ೨೮ಕ್ಕೆ ಗಂಗಾ ಲಾರಿ ಹತ್ತುತ್ತಾಳೆ. ಮೂರು ದಿನದ ಹಾದಿ.

"ನಾ ಹೇಳೂದಲ್ರಿ ಅನ್ನಪೂರ್ಣಾ, ನಿಮ್ಮ ಹಾಳೀನ ಹೇಳ್ತಾವ."

ನನ್ನ ಸೊನ್ನೆಗಳು! ನಾನೇ ಹಾಕಿದ ಸೊನ್ನೆಗಳು!

ತುಂಬಿದ ಬಸುರಿಯನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಮೂರು ದಿನ ಕುಲುಕಿಸಿದರೆ ಏನಾಗುತ್ತದೆ ಅಂತ ಕುರಿಗಾರರ ಮಗಳಿಗೆ ಹೇಳಿಕೊಡಬೇಕೇ? ಮರಿ ಉಳಿಯುವುದಿಲ್ಲ. ತಾಯಿಯೂ ಉಳಿಯಲಿಕ್ಕಿಲ್ಲ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಿಳಿ ಕುರಿ ಕಣ್ಣ ಮುಂದೆ ಬಂತು. "ಹೌದ್ರಿ ಸರ್" ಅಂದು ಎದ್ದು ಬಂದೆ.

ಹೇಡಿ. ಶುದ್ಧ ಹೇಡಿ ನಾನು.


ಜನವರಿ ೧೨

ಪೆಟ್ಟಿಗೆ ಬಂತು. ಮಾಳಿಗೆಯಿಲ್ಲದ ಕೋಣೆಯ ಹಾಗಿದೆ, ಎತ್ತರ, ಕಿರಿದು. ಅಂಗಳದಲ್ಲಿ ಇಟ್ಟಿದ್ದಾರೆ, ಒಳಗೆ ಹೋಗಿ ಬಂದು ರೂಢಿಯಾಗಲಿ ಅಂತ. ಪ್ರತಾಪ ಹೆದರಿ ಓಡಿದ, ಅದು ಸರಿಯೇ. ಗಂಗಾ ಯಾವುದಕ್ಕೂ ಹೆದರುವವಳಲ್ಲ. ಹತ್ತಿರ ಹೋದಳು, ಮೂಸಿದಳು, ಒಳಗೆ ಕಟ್ಟಿದ್ದ ಹಲಸಿನ ಸೊಪ್ಪಿಗೆ ಕುತ್ತಿಗೆ ಚಾಚಿದಳು. ಮುಂಗಾಲು ಒಳಗಿಟ್ಟಳು. ನಡು ಬಾಗಿಲಿಗೆ ತಾಗಿತು. ಹೊಟ್ಟೆ ಹಲಗೆಗೆ ಒತ್ತಿತು. ನಿಂತಳು. ಹಿಂದೆ ಸರಿದಳು.

ತಿರುಗಿ ನನ್ನನ್ನೇ ನೋಡಿದಳು. ಅವಳ ರೆಪ್ಪೆಗೂದಲು ನನ್ನ ಬೆರಳುದ್ದ ಇವೆ.

ಸಾಕು. ನಾಳೆ ಹೇಳುತ್ತೇನೆ. ಆದದ್ದಾಗಲಿ.


ಜನವರಿ ೧೩, ೧೦.೩೦

ಹೇಳಿದೆ. ಮೊದಲು ಕಾಕಾನಿಗೆ. ಸೊಪ್ಪಿನ ಹೊರೆ ಕಟ್ಟುತ್ತಿದ್ದರು.

"ಕಾಕಾ, ಗಂಗಾ ಗಬ್ಬ ಅದಾಳ. ದಿನ ತುಂಬ್ಯಾವ."

ಹೊರೆ ಕೈಬಿಟ್ಟು ಅಲ್ಲೇ ಕೂತರು. ನನ್ನ ಮೇಲೆ ಹರಿಹಾಯುತ್ತಾರೆ ಅಂದುಕೊಂಡೆ. ಬಾಯಿಯ ಎಲೆ ಉಗುಳಿ, ತೊಳೆದುಕೊಂಡು ಬಂದರು. ಎರಡು ತಿಂಗಳಲ್ಲಿ ಅವರ ಬಾಯಿ ಖಾಲಿ ನೋಡಿದ್ದು ಇದೇ ಮೊದಲು.

"ನಂದೂ ಒಂದ್ ತಪ್ಪ ಐತಿ ತಂಗಿ."

ಹೋದ ವರ್ಷ ಅಲ್ಲ, ಅದರ ಹಿಂದಿನ ದೀಪಾವಳಿ. ಆಗ ಪ್ರತಾಪ ಹೊಸಬ, ಬೇರೆ ಅಂಗಳದಲ್ಲಿ ಇಟ್ಟಿದ್ದರು. ಕಾಕಾನ ಅಣ್ಣ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರು. ಕಾಕಾನ ಮಗಳು ಹೆತ್ತಿದ್ದಳು. ಪಾಡ್ಯದ ಮರುದಿನ ಮೊಮ್ಮಗನಿಗೆ ತೊಟ್ಟಿಲು ಮುಟ್ಟಿಸಲಿಕ್ಕೆ ಹೊರಟ ಗಡಿಬಿಡಿಯಲ್ಲಿ ಎರಡು ಅಂಗಳದ ನಡುವಿನ ಗೇಟಿನ ಚಿಲಕ ಹಾಕುವುದನ್ನು ಮರೆತಿದ್ದರು. ಸಂಜೆ ಬಂದು ನೋಡಿದರೆ ಇಬ್ಬರೂ ಒಂದೇ ಕಡೆ, ಕುತ್ತಿಗೆಗೆ ಕುತ್ತಿಗೆ ತಿಕ್ಕುತ್ತಾ ನಿಂತಿದ್ದರು. ಬೇರೆ ಮಾಡಿ, ಚಿಲಕ ಹಾಕಿ, ಮೆಮೊ ಬರುತ್ತದೆ ಅಂತ ಹೆದರಿ ಇಂದಿನವರೆಗೆ ಬಾಯಿ ಮುಚ್ಚಿಕೊಂಡಿದ್ದರು.

ಆಫೀಸಿನವರು ಇಬ್ಬರನ್ನು ಜೊತೆಗೆ ಬಿಟ್ಟದ್ದು ಎರಡು ತಿಂಗಳಾದ ಮೇಲೆ. ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು! ಅದಕ್ಕೇ ಪ್ರತಾಪ ಮೂಸಲಿಲ್ಲ.

ಬಾಯಿ ಮುಚ್ಚಿಕೊಂಡ ನಮ್ಮಿಬ್ಬರ ನಡುವೆ ಸಿಕ್ಕಿಹಾಕಿಕೊಂಡಿದ್ದಾಳೆ ಪಾಪ ಗಂಗಾ. ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಈಗಲೇ.


ಅದೇ ದಿನ, ಸಂಜೆ ೪

ಜಹೀರುದ್ದೀನ ಡಾಕ್ಟರು ಪಾರ್ಕಿನ ಪ್ರಾಣಿಗಳನ್ನೂ ಸುತ್ತಿನ ಹಳ್ಳಿಯ ಎಮ್ಮೆಗಳನ್ನೂ ನೋಡುವವರು. ಮೊದಲು ನಂಬಲಿಲ್ಲ. ಹೊಟ್ಟೆಯನ್ನು ತಾವೂ ನೋಡಿದ್ದಾರಂತೆ, ಹಸಿ ಸೊಪ್ಪಿನ ಗ್ಯಾಸ್ ಅಂದುಕೊಂಡಿದ್ದರಂತೆ. ಕಾಕಾ ಗೇಟಿನ ಕಥೆ ಹೇಳಿದರು. ಡಾಕ್ಟರಿಗೆ ಕಥೆ ಬೇಡ, ತಾರೀಖು ಬೇಕು.

ಕಾಕಾ ಫೋನ್ ತೆಗೆದರು. ತೊಟ್ಟಿಲಿನ ಫೋಟೊ. ಕೆಂಪು, ಹಳದಿ, ನಾಲ್ಕೂ ಕಡೆ ಚಿತ್ರ, ನಡುವೆ ಸಿಟ್ಟು ಮಾಡಿಕೊಂಡ ಮುಖದ ಮೊಮ್ಮಗ. ಕೆಳಗೆ ತಾರೀಖು, ನವೆಂಬರ್ ೩.

ಜಿರಾಫೆ ಹೊರುವುದು ಹದಿನೈದು ತಿಂಗಳು. ಡಾಕ್ಟರು ಬೆರಳು ಮಡಚಿ ಎಣಿಸಿದರು. ಫೆಬ್ರವರಿ ೩. ಪೆಟ್ಟಿಗೆ ಹತ್ತಿಸಿದ ಆರನೇ ದಿನ!

ಬಂದು ಎರಡು ತಾಸು ಬೇಲಿಗೆ ಆತು ನಿಂತರು. ಮೂರು ಗಂಟೆ ಹತ್ತು ನಿಮಿಷಕ್ಕೆ ಗಂಗಾಳ ಬಲಪಕ್ಕೆ ಒಳಗಿನಿಂದ ಒಮ್ಮೆ ಉಬ್ಬಿ ಇಳಿಯಿತು. ಒಳಗಿಂದ ಒದ್ದದ್ದು. ಮೂವರೂ ನೋಡಿದೆವು.

ಡಾಕ್ಟರು ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಸೀದಾ ಆಫೀಸಿಗೆ ನಡೆದರು.

ವಿಶೇಷ — ಮರಿ ಒದೆಯಿತು. (ಹಾಳೆಯಲ್ಲಿ ಬರೆದೆ. ಆಫೀಸಿನ ಹಾಳೆಯಲ್ಲಿ. ದಪ್ಪ ಅಕ್ಷರದಲ್ಲಿ.)


ಜನವರಿ ೧೬

ಪೆಟ್ಟಿಗೆ ವಾಪಸ್ಸು ಹೋಯಿತು! ಪ್ರತಾಪ ಅದು ಹೋದ ಜಾಗವನ್ನು ಇನ್ನೂ ದೂರದಿಂದಲೇ ನೋಡುತ್ತಿದ್ದಾನೆ.

ನಮ್ಮಿಬ್ಬರಿಗೂ ಮೆಮೊ. ನನಗೆ — ‘ವಿಶೇಷ’ದಲ್ಲಿ ಏಕೆ ಬರೆಯಲಿಲ್ಲ, ಲಿಖಿತವಾಗಿ ತಿಳಿಸುವುದು. ನಾಲ್ಕು ಸಲ ಬರೆದು ಹರಿದೆ. ಐದನೆಯದು ಕೊಟ್ಟೆ — ‘ನಮ್ಮ ಮನೆಯಲ್ಲಿ ಕೆಚ್ಚಲು ಕಾಣುವವರೆಗೆ ಬಾಯಿ ಬಿಡುವುದಿಲ್ಲ. ಇನ್ನು ಮುಂದೆ ಬಿಡುತ್ತೇನೆ.’

ಸುಭಾಸ ಸರ್ ಎರಡು ಸಲ ಓದಿದರು. ಅಣ್ಣಿಗೇರಿಯವರು. ಅವರ ತಾಯಿ ಎಮ್ಮೆ ಗಬ್ಬವಾದದ್ದನ್ನು ಅವರ ತಂದೆಗೂ ಹೇಳುತ್ತಿರಲಿಲ್ಲವಂತೆ. ಗೊಡ್ಡು ಅಂತ ತಿಳಿದು ತಂದೆ ಒಮ್ಮೆ ಗಬ್ಬದ ಎಮ್ಮೆಯನ್ನು ಮಾರಿಯೇ ಬಿಟ್ಟಿದ್ದರಂತೆ. ಮೆಮೊ ಫೈಲಿಗೆ ಸೇರಿತು. ನನಗೆ ಚಹಾ ಬಂತು.


ಜನವರಿ ೩೦

ಇಷ್ಟು ದಿನ ಬರೆಯಲಿಲ್ಲ. ಎಲ್ಲ ಬರೆಯುವುದೂ ಹಾಳೆಯಲ್ಲೇ ಆಗುತ್ತಿದೆ. ಕೆಚ್ಚಲು ಬಿಟ್ಟಿದೆ. ಸೊಪ್ಪು ಅರ್ಧ ತಿಂದು ಬಿಡುತ್ತಾಳೆ. ಕಂಬಿ ನೆಕ್ಕುವುದು ನಿಂತಿದೆ. ಮಧ್ಯಾಹ್ನ ಬಾಗಿಲಲ್ಲಿ ಕಂಬಳಿಗೆ ಒರಗಿಕೊಂಡು ನಿಲ್ಲುತ್ತಾಳೆ.

ಈಗ ಇಡೀ ಪಾರ್ಕಿಗೆ ಗೊತ್ತು. ಗೇಟಿನ ಟಿಕೆಟ್ ಕೊಡುವವಳಿಗೆ ಗೊತ್ತು, ಬಸ್ ಕಂಡಕ್ಟರನಿಗೆ ಗೊತ್ತು. ಇಳಿಯುವಾಗ "ಬಾಣಂತನಕ್ಕ ಹೊಂಟ್ರೇನ್ರಿ" ಅನ್ನುತ್ತಾನೆ. ನಗುತ್ತೇನೆ. ಒಳಗೆ ಜೀವ ಹಿಡಿಯಷ್ಟಾಗುತ್ತದೆ. ಹೇಳಿದವಳು ನಾನು.


ಫೆಬ್ರವರಿ ೩

ಇವತ್ತೇ. ಏನೂ ಇಲ್ಲ.


ಫೆಬ್ರವರಿ ೪

ಏನೂ ಇಲ್ಲ. ಕಾಕಾ ಎಲೆ ಅಡಿಕೆ ಬಿಟ್ಟಿದ್ದಾರೆ, ಮರಿ ಬರುವವರೆಗೆ. ಅವರ ಹಾಳೆ ಪೂರ್ತಿ ಖಾಲಿ.


ಫೆಬ್ರವರಿ ೫, ಬೆಳಿಗ್ಗೆ ೮

ತಡೆಯಲಾಗಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಕುರಿ ಒದರುತ್ತಿದ್ದವು. ಎಲ್ಲ ಹೇಳಿದೆ — ನಾನೇ ಬಾಯಿ ಬಿಟ್ಟೆ, ದಿನ ದಾಟಿತು, ಬಿಳಿ ಕುರಿಯ ಹಾಗಾದರೆ ಏನು ಮಾಡಲಿ… ಅಳು ಬಂತು.

ಅಪ್ಪ ಕುರಿಗಳನ್ನು ಗದರಿಸಿ ಆಚೆ ಬಂದರು.

"ಯಾವ ಬಿಳಿ ಕುರಿ? ಅದು ನಿನ್ನ ಮಾತಿಗೆ ಕಂದ ಹಾಕಲಿಲ್ಲವಾ. ಹುಳಕ್ಕ ಎಣ್ಣಿ ಹೊಡದ ಹತ್ತಿ ಹೊಲಕ್ಕ ನಾನ ಬಿಟ್ಟಿದ್ನಿ. ನಿಮ್ಮವ್ವ ಒಂದ್ ತಿಂಗಳ ನನ್ನ ಸಂಗಾಟ ಕುರಿ ಮಾತ ಆಡಲಿಲ್ಲ. ನಿನಗ ಗೊತ್ತೈತಿ ಅನ್ಕೊಂಡಿದ್ನಿ."

ಹದಿನೈದು ವರ್ಷ! ಹದಿನೈದು ವರ್ಷ ಆ ಎರಡು ಮರಿಗಳನ್ನು ಎದೆಯ ಮೇಲೆ ಹೊತ್ತು ತಿರುಗಿದ್ದೇನೆ. ಇವರು ಹೇಳಲಿಕ್ಕೆ ಮರೆತಿದ್ದರು. ಅವ್ವನ ಮೌನವೂ ನನಗಲ್ಲ, ಅಪ್ಪನಿಗೆ!

ಹಾಗಾದರೆ ಗಂಟು ಯಾಕೆ ಕಟ್ಟುತ್ತೀರಿ ಅಂತ ಕೇಳಿದೆ, ಸಿಟ್ಟಿನಲ್ಲೇ. ಮರೆಯಬಾರದು ಅಂತ, ಅಂದರು. ಅಷ್ಟು ಕುರಿಗಳಲ್ಲಿ ಯಾವುದು ಅಂತ ನೆನಪುಳಿಯುವುದಿಲ್ಲವಂತೆ.

ಬಯ್ದೆ, ಅತ್ತೆ, ನಕ್ಕೆ. ಫೋನ್ ಇಡುವಷ್ಟರಲ್ಲಿ ಬಸ್ಸು ತಪ್ಪಿತ್ತು. ಆರು ಕಿಲೋಮೀಟರ್ ನಡೆದೇ ಬಂದೆ. ಹಾದಿಯುದ್ದಕ್ಕೂ ಕಬ್ಬಿನ ಗಾಡಿಯವರಿಗೆಲ್ಲ ಗಂಗಾಳ ಸುದ್ದಿ ಹೇಳುತ್ತಾ ಬಂದೆ, ಕೇಳಿದವರಿಗೂ ಕೇಳದವರಿಗೂ. ಮೈ ಹಗುರಾಗಿದೆ.


ಫೆಬ್ರವರಿ ೮, ಭಾನುವಾರ, ೯.೪೦

ತಿನ್ನುತ್ತಿಲ್ಲ. ಸುತ್ತುತ್ತಿದ್ದಾಳೆ. ಬಾಲ ಎತ್ತಿದೆ.

೧೦.೦೫

ಎರಡು ಗೊರಸು! ಮುಂಗಾಲಿನವು, ಸರಿಯಾಗಿ. ಕಾಕಾ ಈ ಕಡೆಯ ಗೇಟು ಮುಚ್ಚಿಸಿದರು. ಪ್ರತಾಪನನ್ನು ಬಾಜು ಅಂಗಳಕ್ಕೆ ಹಾಕಿದ್ದೇವೆ. ಚಿಲಕ ಮೂರು ಸಲ ನೋಡಿದರು ಕಾಕಾ. ಅವನು ಗೋಡೆಯ ಮೇಲಿಂದ ಇಣುಕುತ್ತಿದ್ದಾನೆ.

೧೦.೫೦

ಮೂಗು ಕಂಡಿತು. ಡಾಕ್ಟರು ಬಂದರು, ಬೂಟಿಗೆ ಇನ್ನೂ ಯಾವುದೋ ಎಮ್ಮೆಯ ಸಗಣಿ. ಯಾರೂ ಹತ್ತಿರ ಹೋಗಬಾರದು ಅಂದರು. ಗಂಗಾ ನಿಂತೇ ಇದ್ದಾಳೆ. ನಡುನಡುವೆ ಕಂಬಳಿ ನೆಕ್ಕುತ್ತಾಳೆ. ನಾನು ಉಸಿರಾಡುವುದನ್ನೂ ಟಿಕ್ ಹಾಕಿಕೊಂಡೇ ಮಾಡಬೇಕು.

೧೧.೨೫

ಬಿತ್ತು!! ಅಷ್ಟೆತ್ತರದಿಂದ, ಧಡ್ ಅಂತ, ಹುಲ್ಲಿನ ಮೇಲೆ. ಅಲುಗಾಡಲಿಲ್ಲ. ಅಲುಗಾಡಲಿಲ್ಲ. ಅಲುಗಾಡಲಿ— ಕಿವಿ! ಕಿವಿ ಕೊಡವಿತು!

ಹೆಣ್ಣು. ಕಾಕಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾರೆ. ಬಿಡಿ, ಅಳಲಿ.

೧೨.೧೫

ಮೂರು ಸಲ ಎದ್ದು ಮೂರು ಸಲ ಬಿತ್ತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗುತ್ತವೆ. ನಾಲ್ಕನೆಯ ಸಲ ನಿಂತಿತು. ಆಗಲೇ ನನಗಿಂತ ಎತ್ತರ!

೧೨.೪೦

ಮೊದಲು ಕಾಲು ಚೀಪಿತು, ಆಮೇಲೆ ಕಂಬಳಿ ಚೀಪಿತು, ಆಮೇಲೆ… ಸಿಕ್ಕಿತು. ಕುಡಿಯುತ್ತಿದೆ. ಬಾಲ ಆಡಿಸುತ್ತಾ ಕುಡಿಯುತ್ತಿದೆ. ನಮ್ಮ ಕುರಿಮರಿ ಥೇಟ್ ಹೀಗೇ.

ಅಪ್ಪನಿಗೆ ಫೋನ್ ಮಾಡಿದೆ. ಮೊಲೆ ಹಿಡೀತೇನು ಅಂತ ಒಂದೇ ಪ್ರಶ್ನೆ. ಹಿಡೀತು ಅಂದೆ. "ಹಂಗಾರ ಗಂಟ ಬಿಚ್ಚವಾ. ನೀನ ಬಿಚ್ಚಬೇಕು. ನೋಡಿದಾಕಿ ನೀನು."

೧೨.೫೫

ಡಾಕ್ಟರು ನನ್ನನ್ನು ಒಳಬಾಗಿಲಿನ ಕಡೆಯಿಂದ ಒಳಗೆ ಬಿಟ್ಟರು. ಕಂಬಳಿಯ ಕುಚ್ಚು ಕೈಯಲ್ಲಿದೆ, ನೋಟ್‌ಬುಕ್ ಮೊಣಕಾಲ ಮೇಲೆ. ಗಂಗಾ ನನ್ನ ಟೊಪ್ಪಿಗೆ ನೆಕ್ಕುತ್ತಿದ್ದಾಳೆ, ನೆಕ್ಕಲಿ. ಐವತ್ತು ದಿನದ ಗಂಟು, ಅಪ್ಪನ ಕೈಯದು, ಉಗುರಿಗೆ ಬಗ್ಗುತ್ತಿಲ್ಲ. ಹಲ್ಲು ಹಾಕಿಯೇ ಬಿಚ್ಚಬೇಕು, ಪೆನ್ನು ಕೆಳಗಿ